ಸಂಡೂರಿನ ಕೆಂಧೂಳು, ರಾಯಚೂರಿನ ಎರೆಮಣ್ಣು: ಸೈ-ಫೈ ಮಿನಿಗೆ ಬಣ್ಣ, ಅದರ ಕಾಲಡಿಗೆ ನೆಲ

ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ ಫ್ಯಾನಿನ ಕೆಳಗೆ ಕೂತು ಮಿನಿಗೆ, ಅಂದರೆ ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ಬೊಂಬೆಗೆ, ಬಣ್ಣ ಹಚ್ಚಲು ಹೊರಟರೆ, ಪ್ಯಾಲೆಟ್‌ನಿಂದ ಬೊಂಬೆಯ ಮುಖಕ್ಕೆ ಬ್ರಷ್ ಹೋಗುವಷ್ಟರಲ್ಲಿ ತುದಿಯ ಬಣ್ಣ ಅರ್ಧ ಒಣಗಿರುತ್ತದೆ. ಅದನ್ನೇ ಎಳೆದರೆ ಗೆರೆಯ ಬದಲು ಗಂಟು ಬೀಳುತ್ತದೆ. ಕೈ ಎಷ್ಟೇ ಪಳಗಿದ್ದರೂ ಅಷ್ಟೇ. ಈ ಹವ್ಯಾಸದ ಪಾಠಗಳು ಬಹುಪಾಲು ತಂಪು ಸೀಮೆಯಿಂದ ಬಂದವು. ಇಂಥ ಬೊಂಬೆಗಳಿಂದ ಆಡುವ ವಾರ್‌ಹ್ಯಾಮರ್ 40,000 ಆಟ 1987ರಲ್ಲಿ ಮೊದಲು ಹೊರಬಂದದ್ದು ಇಂಗ್ಲೆಂಡಿನಲ್ಲಿ. ಅದನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಇರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಅಲ್ಲಿನ ಒಣಗುವ ಹೊತ್ತು, ಅಲ್ಲಿನ ನೀರಿನ ಅಳತೆ ನಮ್ಮ ಬಿಸಿಲಿಗೆ ಹೊಂದುವುದಿಲ್ಲ.

ಬೇಸಿನ, ಅಂದರೆ ಬೊಂಬೆ ನಿಲ್ಲುವ ಪುಟ್ಟ ಪೀಠದ, ಮಾತಿಗೆ ಬಂದರೆ ಲೆಕ್ಕ ನಮ್ಮ ಕಡೆ ವಾಲುತ್ತದೆ. ಅಲ್ಲಿಯವರು ದುಡ್ಡು ಕೊಟ್ಟು ಡಬ್ಬಿಯಲ್ಲಿ ಕೊಳ್ಳುವ ಕೆಂಪು ಗ್ರಹದ ಮಣ್ಣು, ಬಿರುಕು ಬಿಟ್ಟ ನೆಲ ಇಲ್ಲಿ ಚಪ್ಪಲಿಗೆ ಮೆತ್ತಿಕೊಂಡೇ ಮನೆಗೆ ಬರುತ್ತದೆ. ಮಂಗಳ ಗ್ರಹ ಕೆಂಪಾಗಿ ಕಾಣುವುದು ಅದರ ಧೂಳಿನಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಬದಿಯ ಗಿಡದ ಎಲೆ ಕೆಂಪಾಗುವುದೂ ಅದರಿಂದಲೇ.

ನೆಲ ಮೊದಲು, ಸೈನಿಕ ಆಮೇಲೆ

ಹೆಚ್ಚಿನವರು ಬೊಂಬೆ ಮುಗಿಸಿ, ಕೊನೆಗೆ ಬೇಸ್‌ಗೆ ಒಂದಿಷ್ಟು ಮರಳು ಉದುರಿಸಿ ಕೈ ತೊಳೆಯುತ್ತಾರೆ. ಕೆಂಪು ಕವಚದ ಸೈನಿಕ ಕೆಂಪು ಮಣ್ಣಿನ ಮೇಲೆ ನಿಂತು ಮೂರಡಿ ದೂರದಿಂದ ಮಾಯವಾಗುವುದು ಹೀಗೆ. ಯಾವ ನೆಲ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ, ಕವಚದ ಬಣ್ಣ ಅದರ ಎದುರಿಗೆ ನಿಲ್ಲಲಿ. ಸಂಡೂರಿನ ಕೆಂಪಿಗೆ ಹಸಿರು ಬೆರೆತ ನೀಲಿ, ಮಾಸಲು ಬಿಳಿ, ತಣ್ಣನೆಯ ಬೂದು ಚೆನ್ನಾಗಿ ಏಳುತ್ತವೆ. ಎರೆಯ ಕಪ್ಪಿಗೆ ಹಳದಿ, ಕಿತ್ತಳೆ, ಮೂಳೆಬಣ್ಣ. ಕೊಪ್ಪಳದ ಬೆಟ್ಟದ ಬಂಡೆಗೆ ಯಾವುದಾದರೂ ನಡೆಯುತ್ತದೆ, ಬೂದು ಒಂದನ್ನು ಬಿಟ್ಟು.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. 28 ಮಿ.ಮೀ. ಅಳತೆಯ ಮಿನಿ ಎಂದರೆ ಸುಮಾರು 1:56. ಅಂದರೆ 3 ಮಿ.ಮೀ. ಹರಳು ಸೈನಿಕನ ಕಾಲ ಹತ್ತಿರ 17 ಸೆಂ.ಮೀ. ಕಲ್ಲು. ಅರ್ಧ ಮಿಲಿಮೀಟರಿನ ಮರಳಕಣ ಅವನಿಗೆ ಸುಮಾರು 3 ಸೆಂ.ಮೀ. ಜಲ್ಲಿ. ತುಂಗಭದ್ರಾ ಮರಳನ್ನು ಹಾಗೆಯೇ ಸುರಿದರೆ ರೈಲು ಹಳಿಯ ಜಲ್ಲಿಯಂತೆ ಕಾಣುವುದು ಇದಕ್ಕೇ. ನೆಲ ನೆಲದಂತೆ ಕಾಣಬೇಕಾದರೆ ಮುಕ್ಕಾಲು ಪಾಲು ಹಿಟ್ಟಿನಷ್ಟು ನುಣ್ಣಗಿರಬೇಕು, ಉಳಿದ ಕಾಲು ಪಾಲು ಮಾತ್ರ ಹರಳು.

ಸಾಮಾನು

ಬ್ರಷ್ ಎರಡು ಸಾಕು: ಚೂಪು ತುದಿಯ 2ನೇ ನಂಬರಿನ ದುಂಡು ಬ್ರಷ್ ಒಂದು, 0 ನಂಬರಿನದು ಒಂದು. ಸಣ್ಣ ಕೆಲಸಕ್ಕೆ 000 ಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ಹವೆಯಲ್ಲಿ ಅದು ಶುದ್ಧ ದಂಡ: ಹೊಟ್ಟೆ ಇಲ್ಲದ ಬ್ರಷ್ಷಿನಲ್ಲಿ ಬಣ್ಣ ನಿಲ್ಲುವುದಿಲ್ಲ, ನಿಂತ ಹನಿ ದಾರಿಯಲ್ಲೇ ಒಣಗುತ್ತದೆ. ದಪ್ಪ ಹೊಟ್ಟೆ, ಸೂಜಿ ತುದಿ ಇರುವ 2ನೇ ನಂಬರಿನಲ್ಲೇ ಕಣ್ಣು ಬರೆಯಬಹುದು. ಡ್ರೈಬ್ರಷ್‌ಗೆ, ಅಂದರೆ ಬಣ್ಣ ಬಹುಪಾಲು ಒರೆಸಿದ ಬ್ರಷ್ಷನ್ನು ಉಬ್ಬುಗಳ ಮೇಲಷ್ಟೇ ಆಡಿಸುವುದಕ್ಕೆ, ಹಳೆಯ ಮೇಕಪ್ ಬ್ರಷ್ ಬಳಸಿ.

ಬಣ್ಣದಲ್ಲಿ ಸಿಟಡೆಲ್, ವಾಲೆಹೊ, ಆರ್ಮಿ ಪೇಂಟರ್ ಇವನ್ನೆಲ್ಲ ಆನ್‌ಲೈನ್ ತರಿಸಬೇಕು. ಎಲ್ಲವನ್ನೂ ಅದರಲ್ಲೇ ಮಾಡುವ ಅಗತ್ಯವಿಲ್ಲ. ಸ್ಟೇಷನರಿ ಅಂಗಡಿಯ ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಬೇಸ್‌ಗೆ, ಬಂಡೆಗೆ, ತುಕ್ಕಿಗೆ ಭೇಷಾಗಿ ಒದಗುತ್ತವೆ. ಮುಖ, ಕವಚಕ್ಕೆ ಅವುಗಳ ಬಣ್ಣದ ಕಣ ಸ್ವಲ್ಪ ಒರಟು, ಮೂರು ಕೋಟು ಹಚ್ಚಿದರೆ ಗೆರೆಗಳು ಮುಚ್ಚಿಹೋಗುತ್ತವೆ. ದುಡ್ಡು ಹಾಕುವುದಾದರೆ ಕವಚದ ಎರಡು ಛಾಯೆ, ಒಂದು ಬಿಳಿ, ಒಂದು ಲೋಹದ ಬಣ್ಣ, ಒಂದು ಕಂದು ವಾಷ್ (ಕುಳಿಗಳಿಗೆ ಹರಿಯುವ ನೀರುಬಣ್ಣ), ಮ್ಯಾಟ್ ಮೀಡಿಯಂ (ಬಣ್ಣಕ್ಕೆ ಬೆರೆಸುವ, ಬಣ್ಣವೂ ಹೊಳಪೂ ಇಲ್ಲದ ದ್ರವ) ಇಷ್ಟಕ್ಕೆ ಹಾಕಿ.

ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಜಿಲ್ಲೆಗಳ ಬೋರಿನ ನೀರು ಬಹಳ ಕಡೆ ಗಡಸು. ಅದರಲ್ಲಿ ತೆಳು ಮಾಡಿದ ವಾಷ್ ಒಣಗಿದ ಮೇಲೆ ಕುಳಿಗಳಲ್ಲಿ ಬಿಳಿ ಸುಣ್ಣದ ಪೊರೆ ಉಳಿಯುತ್ತದೆ. ಕಪ್ಪು ಕವಚದ ಮೇಲಾದರೆ ಎದ್ದು ಕಾಣುತ್ತದೆ. ಬ್ರಷ್ ತೊಳೆಯಲು ನಲ್ಲಿ ನೀರು ಇರಲಿ, ಬಣ್ಣಕ್ಕೆ ಬೆರೆಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದಿಡಿ. ಎರಡು ಬಾಟಲಿ ಬೇರೆಬೇರೆ ಇರಲಿ.

ಒದ್ದೆ ಪ್ಯಾಲೆಟ್ (ಬಣ್ಣ ಒಣಗದಂತೆ ಕೆಳಗಿನಿಂದ ತೇವ ಕೊಡುವ ಪ್ಯಾಲೆಟ್) ಇಲ್ಲದೆ ಮಾರ್ಚಿನಿಂದ ಜೂನ್‌ವರೆಗೆ ಕೆಲಸವೇ ನಡೆಯದು. ಮುಚ್ಚಳ ಬಿಗಿಯಾಗಿ ಕೂರುವ ಸ್ವೀಟ್ ಡಬ್ಬಿ, ತಳಕ್ಕೆ ಅರ್ಧ ಅಂಗುಲದ ಸ್ಪಂಜು ಅಥವಾ ನಾಲ್ಕು ಮಡಿಕೆಯ ಟಿಶ್ಯೂ, ಅದು ತೊಯ್ದು ಮೇಲೆ ತೆಳ್ಳಗೆ ನೀರು ಮಿನುಗುವಷ್ಟು ನೀರು, ಅದರ ಮೇಲೆ ಬೇಕರಿಯವರು ಬಳಸುವ ಬಟರ್ ಪೇಪರ್. ಮೇಣ ಹಚ್ಚಿದ ಹಾಳೆಯಾದರೆ ನೀರು ಮೇಲೆ ಬರುವುದಿಲ್ಲ. ಕೊಳ್ಳುವಾಗ ಗುರುತು ಹಿಡಿಯುವುದು ಕಷ್ಟ, ಮನೆಗೆ ತಂದು ಒದ್ದೆ ಸ್ಪಂಜಿನ ಮೇಲಿಟ್ಟು ಹತ್ತು ನಿಮಿಷ ಕಾಯಿರಿ. ಹಾಳೆ ಮೆತ್ತಗಾಗಿ ಸ್ಪಂಜಿಗೆ ಅಂಟಿಕೊಂಡರೆ ಸರಿ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಸ್ಪಂಜು ವಾಸನೆ ಬರುತ್ತದೆ, ಬೂಷ್ಟು ಹಿಡಿಯುತ್ತದೆ. ಉಜ್ಜಿದ ತಾಮ್ರದ ತುಂಡೊಂದನ್ನು ಸ್ಪಂಜಿನ ಕೆಳಗೆ ಇಟ್ಟರೆ ತಡವಾಗುತ್ತದೆ, ನಿಲ್ಲುವುದಿಲ್ಲ, ವಾರಕ್ಕೊಮ್ಮೆ ತೊಳೆಯಲೇಬೇಕು.

ತೊಳೆ, ಕೆರೆ, ಅಂಟಿಸು

ರೆಸಿನ್ ಬೊಂಬೆಯನ್ನು ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆಯ ನೀರಿನಲ್ಲಿ ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿ. ಅಚ್ಚಿಗೆ ಹಚ್ಚಿದ ಜಿಡ್ಡು ಉಳಿದರೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಅಡಿಪದರ) ಉಗುರಿಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಳಿಯುವ ಗೆರೆಯನ್ನು ಬ್ಲೇಡಿನ ಬೆನ್ನಿನಿಂದ ಕೆರೆಯಿರಿ, ಬಾಯಿಯಿಂದಲ್ಲ. ಬಾಯಿ ಪ್ಲಾಸ್ಟಿಕ್ಕಿನೊಳಗೆ ಇಳಿದು ಗುಂಡಿ ಮಾಡುತ್ತದೆ. ರೆಸಿನ್ ಉಜ್ಜುವಾಗ ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಒಣ ಪುಡಿ ಶ್ವಾಸಕ್ಕೆ ಕೆಟ್ಟದ್ದು.

ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಕಿಟ್‌ಗೆ ಪ್ಲಾಸ್ಟಿಕ್ ಸಿಮೆಂಟ್, ರೆಸಿನ್ ಮತ್ತು ಲೋಹಕ್ಕೆ ಫೆವಿಕ್ವಿಕ್. ಫೆವಿಕ್ವಿಕ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮ ಒಣ ಬೇಸಿಗೆಯಲ್ಲಿ ಅದು ಸತಾಯಿಸುತ್ತದೆ, ತೋಳು ಹಿಡಿದು ಕೂತೇ ಇರಬೇಕಾಗುತ್ತದೆ. ಒಂದು ಮುಖಕ್ಕೆ ಅಂಟು, ಇನ್ನೊಂದು ಮುಖಕ್ಕೆ ಒದ್ದೆ ಬೆರಳಿನ ತೇವ ತಾಕಿಸಿದರೆ ಕೂಡಲೇ ಹಿಡಿಯುತ್ತದೆ. ಸಂದು ಇದ್ದರೆ ಅಂಟು ಹಾಕಿ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿ, ಕ್ಷಣದಲ್ಲಿ ಕಲ್ಲಾಗುತ್ತದೆ. ದೊಡ್ಡ ಸಂದಿಗೆ ಎಂ-ಸೀಲ್. ಫೆವಿಕ್ವಿಕ್ ಹತ್ತಿ ಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ, ತೊಡೆಯ ಮೇಲಿನ ಜೀನ್ಸೂ ಹತ್ತಿಯೇ ಎಂಬುದು ನೆನಪಿರಲಿ. ಪಾರದರ್ಶಕ ಗಾಜು, ಕ್ಯಾನೊಪಿಗೆ ಅದರ ಹತ್ತಿರವೂ ಸುಳಿಯಬೇಡಿ. ಹಬೆಗೆ ಗಾಜು ಮಂಜಾಗುತ್ತದೆ. ಅಲ್ಲಿ ಫೆವಿಕಾಲೇ ಸರಿ.

ಬೊಂಬೆಯನ್ನು ಬೇಸ್‌ಗೆ ಈಗಲೇ ಅಂಟಿಸಬೇಡಿ. ಕಾಲಿಗೆ 1 ಮಿ.ಮೀ. ರಂಧ್ರ ಕೊರೆದು ತಂತಿ ಸಿಕ್ಕಿಸಿ, ತಂತಿಯನ್ನು ಬಾಟಲಿಯ ಬೂಚಿಗೆ ಚುಚ್ಚಿ. ಬಣ್ಣ ಹಚ್ಚಲು ಹಿಡಿ ಸಿಕ್ಕಿತು, ಮುಂದೆ ಬೇಸ್‌ಗೆ ಅದೇ ಮೊಳೆ.

ಪ್ರೈಮರ್ ಬೆಳಗಿನ ಕೆಲಸ

ಸ್ಪ್ರೇ ಪ್ರೈಮರ್ ಹನಿ ಬೊಂಬೆಗೆ ತಲುಪುವಾಗ ಒದ್ದೆ ಇರಬೇಕು. 40 ಡಿಗ್ರಿಯಲ್ಲಿ ಅದು ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಮೇಲ್ಮೈ ಮರಳುಕಾಗದದಂತಾಗುತ್ತದೆ, ಮುಂದೆ ಎಷ್ಟು ನುಣ್ಣಗೆ ಹಚ್ಚಿದರೂ ಆ ಒರಟು ಹೋಗುವುದಿಲ್ಲ. ಬೆಳಿಗ್ಗೆ 6ರಿಂದ 7.30ರ ಒಳಗೆ, ಗಾಳಿ ಏಳುವ ಮೊದಲು, ಮಾಳಿಗೆಯ ನೆರಳಿನಲ್ಲಿ ಹೊಡೆಯಿರಿ. ಡಬ್ಬಿಯನ್ನು ಎರಡು ನಿಮಿಷ ಕುಲುಕಿ. ಡಬ್ಬಿಯ ಮೇಲೆ 30 ಸೆಂ.ಮೀ. ಎಂದಿದ್ದರೂ ಇಲ್ಲಿ 20 ಸೆಂ.ಮೀ. ಸಾಕು. ಬೊಂಬೆಯ ಆಚೆಯಿಂದ ಶುರುಮಾಡಿ ಈಚೆಗೆ ಮುಗಿಸಿ, ಒಂದೊಂದು ಬೀಸು ಒಂದು ಸೆಕೆಂಡ್. ತೆಳ್ಳಗೆ ಎರಡು ಸಲ. ಹಿಂದಿನ ದಿನ ರಟ್ಟಿನ ಮೇಲೆ ಹೊಡೆದು ನೋಡಿ, ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಇನ್ನೂ ಹತ್ತಿರ ಹೋಗಬೇಕು ಎಂದರ್ಥ. ಬಿಸಿಲಿನಲ್ಲಿ ಡಬ್ಬಿ ಇಡಬೇಡಿ, 50 ಡಿಗ್ರಿ ದಾಟಿದರೆ ಅದು ಸಿಡಿಯುವ ಸಾಮಾನು.

ಗಾಳಿ, ಧೂಳಿನ ಕಾಟ ತಪ್ಪದ ಮನೆಯಲ್ಲಿ ಬ್ರಷ್ಷಿನಿಂದ ಹಚ್ಚುವ ಪ್ರೈಮರ್ ಒಳ್ಳೆಯದು. ನೀರು ಬೆರೆಸದೆ, ತೆಳ್ಳಗೆ ಎರಡು ಕೋಟು, ನಡುವೆ ಎರಡು ತಾಸು.

ಬಣ್ಣ: ಮಜ್ಜಿಗೆ, ಹಾಲು, ತಿಳಿಸಾರು

ಫ್ಯಾನ್ ಬಂದ್ ಮಾಡಿ ಕೂರಿ. ಸೆಖೆ ತಡೆಯದಿದ್ದರೆ ಫ್ಯಾನನ್ನು ಬೆನ್ನಿಗೆ ತಿರುಗಿಸಿಕೊಳ್ಳಿ, ಪ್ಯಾಲೆಟ್ಟಿಗಲ್ಲ. ರಾತ್ರಿ ಊಟವಾದ ಮೇಲಿನ ಎರಡು ತಾಸು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು.

ಮೊದಲ ಪದರಕ್ಕೆ ಬಣ್ಣ ತೆಳು ಮಜ್ಜಿಗೆಯಂತಿರಬೇಕು: ಬಣ್ಣ ಎರಡು ಹನಿ, ನೀರು ಒಂದು ಹನಿ. ಬೇಸಿಗೆಯಲ್ಲಿ ಆ ಒಂದು ಹನಿಯಲ್ಲಿ ಅರ್ಧ ನೀರು, ಅರ್ಧ ಮ್ಯಾಟ್ ಮೀಡಿಯಂ. ಗ್ಲಿಸರಿನ್ ಹಾಕಿದರೆ ನಿಧಾನ ಒಣಗುತ್ತದೆ ಎಂಬುದು ನಿಜ, ಆದರೆ ಇಪ್ಪತ್ತು ಹನಿ ನೀರಿಗೆ ಒಂದು ಹನಿ ಮೀರಿದರೆ ಬಣ್ಣ ವಾರವಾದರೂ ಜಿಗುಟು ಬಿಡುವುದಿಲ್ಲ, ಆ ಜಿಗುಟಿಗೆ ಊರಿನ ಧೂಳೆಲ್ಲ ಬಂದು ಕೂರುತ್ತದೆ. ಮೇಲಿನ ಪದರಗಳಿಗೆ ಹಾಲಿನ ಹದ. ವಾಷ್ ತಿಳಿಸಾರಿನಂತೆ ಹರಿದು ಕುಳಿ ಹಿಡಿಯಬೇಕು.

ಐದೈದು ಬೊಂಬೆಯ ಸಾಲು ಹಿಡಿಯಿರಿ. ಐದನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ತಂಪು ದೇಶದವರು ಹೇರ್ ಡ್ರೈಯರ್ ಹಿಡಿಯುವ ಕಡೆ ನಮಗೆ ಹವೆಯೇ ಸಾಕು. ಬಿಸಿಲ ನಾಡಿನ ಒಂದೇ ಒಂದು ಲಾಭ ಇದು.

ವಾಷ್ ಮಾತ್ರ ಇದಕ್ಕೆ ವಿರುದ್ಧ. ಅದು ಬೇಗ ಒಣಗಬಾರದು. ಬಯಲು ಜಾಗದಲ್ಲಿ ಅಂಚು ಮೊದಲು ಒಣಗಿ ಚಹಾ ಕಪ್ಪಿನ ಕಲೆಯಂಥ ಉಂಗುರ ಉಳಿಯುತ್ತದೆ. ಇಡೀ ಕವಚಕ್ಕೆ ವಾಷ್ ಸುರಿಯುವ ರೂಢಿ ಬಿಟ್ಟು, ಹಲಗೆಗಳ ಸಂದು, ಮೊಣಕಾಲಿನ ಮಡಿಕೆ, ರಿವೆಟ್ಟಿನ ಸುತ್ತ ಇಷ್ಟಕ್ಕೆ ಮಾತ್ರ ತುದಿಯಿಂದ ಹರಿಯಬಿಡಿ. ಹೆಚ್ಚಾದದ್ದನ್ನು ಇನ್ನೊಂದು ಒದ್ದೆ ಬ್ರಷ್ಷಿನಿಂದ ಕೂಡಲೇ ಹೀರಿಕೊಳ್ಳಿ.

ಸೈ-ಫೈ ಕವಚಕ್ಕೆ ಜೀವ ಬರುವುದು ಅಂಚಿನಲ್ಲಿ. ಮೂಲ ಬಣ್ಣಕ್ಕೆ ಮೂರನೇ ಒಂದು ಪಾಲು ತಿಳಿ ಬಣ್ಣ ಬೆರೆಸಿ, ಬ್ರಷ್ಷನ್ನು ಬಟ್ಟೆಗೆ ಒಮ್ಮೆ ಒತ್ತಿ, ತುದಿಯಿಂದಲ್ಲದೆ ಪಕ್ಕದಿಂದ ಅಂಚಿನ ಉದ್ದಕ್ಕೂ ಜಾರಿಸಿ. ಅಂಚು ತಾನೇ ಬಣ್ಣ ಕಿತ್ತುಕೊಳ್ಳುತ್ತದೆ. ಎರಡನೇ ಸಲ ಇನ್ನೂ ತಿಳಿ ಬಣ್ಣವನ್ನು ಮೂಲೆಗಳಿಗೆ ಮಾತ್ರ ಚುಕ್ಕಿಯಾಗಿ. ಎಲ್ಲ ಅಂಚಿಗೂ ಒಂದೇ ದಪ್ಪದ ಗೆರೆ ಹಾಕಿದರೆ ಬೊಂಬೆ ಚಿತ್ರಕತೆಯ ಹಾಳೆಯಿಂದ ಕತ್ತರಿಸಿ ತೆಗೆದಂತೆ ಕಾಣುತ್ತದೆ. ಮೇಲ್ಮುಖದ ಅಂಚು ದಪ್ಪ, ಕೆಳಗಿನದು ಕೂದಲೆಳೆ.

ಹೆಲ್ಮೆಟ್ಟಿನ ಕಣ್ಣು ಎಲ್ಲರನ್ನೂ ಹೆದರಿಸುತ್ತದೆ. ಮೊದಲು ಕುಳಿಗೆ ಕಪ್ಪು. ಕಪ್ಪಿನ ಅಂಚು ಉಳಿಸಿ ಒಳಗೆ ಗಾಢ ಕೆಂಪು. ಕೆಳ ಅರ್ಧಕ್ಕೆ ಕಡುಗೆಂಪು, ಅದರ ಕೆಳಮೂಲೆಗೆ ಕಿತ್ತಳೆ. ಮೇಲಿನ ಎದುರು ಮೂಲೆಗೆ ಬಿಳಿ ಚುಕ್ಕಿ ಒಂದೇ. ಬೆಳಕು ಮೇಲಿಂದ ಒಳಹೊಕ್ಕು ಕೆಳಗೆ ಚೆಲ್ಲುವುದರಿಂದ ಹೀಗೆ. ತಿಳಿ ಬಣ್ಣವನ್ನು ಮೇಲೆ ಹಾಕಿದರೆ ಕಣ್ಣು ಗಾಜಾಗದೆ ಗುಂಡಿಯಾಗುತ್ತದೆ. ಪ್ಲಾಸ್ಮಾ ಬಂದೂಕಿನ ಸುರುಳಿಗೆ ಈ ಲೆಕ್ಕ ತಲೆಕೆಳಗು: ಬೆಳಕಿನ ಮೂಲ ಒಳಗಿದೆ, ಹಾಗಾಗಿ ಸಂದಿಗೆ ಬಿಳಿ, ಉಬ್ಬಿಗೆ ನೀಲಿ. ಸುತ್ತಲಿನ ಕವಚಕ್ಕೆ ತೀರಾ ತೆಳು ನೀಲಿಯನ್ನು, ಹತ್ತಕ್ಕೆ ಒಂದು ಪಾಲು ಬಣ್ಣ, ಮೂರು ಸಲ ಸವರಿ. ಬೆಳಕು ಬೀಳಲಾರದ ಹಿಂಭಾಗಕ್ಕೂ ಅದು ಹತ್ತಿದರೆ ಬೆಳಕಿನ ಬದಲು ಚೆಲ್ಲಿದ ಬಣ್ಣವೇ ಕಾಣುತ್ತದೆ.

ಲೋಹದ ಭಾಗಕ್ಕೆ ಅಡಿ ಕಪ್ಪು, ಮೇಲೆ ಗನ್‌ಮೆಟಲ್, ಆಮೇಲೆ ಕಂದು ವಾಷ್. ಹಳದಿ ಕವಚವನ್ನು ಕಪ್ಪು ಪ್ರೈಮರಿನ ಮೇಲೆ ಹಚ್ಚಿ ಹತ್ತು ಕೋಟು ದಂಡ ಮಾಡಬೇಡಿ, ಅಡಿಗೆ ಮಣ್ಣುಹಳದಿ ಅಥವಾ ಮಾಸಲು ಗುಲಾಬಿ ಹಾಕಿ. ಬಿಳಿ ಬೇಕೆಂದರೆ ತಿಳಿ ಬೂದಿನಿಂದ ಶುರು.

ಕೆಂಪು ನೆಲ

ಕೆಂಧೂಳನ್ನು ಗಣಿ ಪ್ರದೇಶಕ್ಕೋ ಕಾಡಿಗೋ ಹೋಗಿ ಅಗೆಯಬೇಕಿಲ್ಲ. ಹೊಸಪೇಟೆ-ಬಳ್ಳಾರಿ ರಸ್ತೆಯ ಅಂಚಿನಲ್ಲಿ ಬೊಗಸೆ ತುಂಬಿದರೆ ನೂರು ಬೇಸ್‌ಗೆ ಆಯಿತು. ಹಳೇ ಹಂಚಿನ ಮೇಲೆ ಹತ್ತು ನಿಮಿಷ ಹುರಿಯಿರಿ. ತೇವ ಹೋಗುತ್ತದೆ, ಹುಳದ ಮೊಟ್ಟೆ ಸಾಯುತ್ತದೆ. ಅಡುಗೆಯ ಹಂಚು ಬೇಡ. ಆಯಸ್ಕಾಂತ ಆಡಿಸಿ ಲಾರಿಯ ಕಬ್ಬಿಣದ ಚೂರು ತೆಗೆಯಿರಿ. ಮೊದಲು ಹಿಟ್ಟಿನ ಜರಡಿ, ಆಮೇಲೆ ಚಹಾ ಸೋಸುವ ಜಾಲರಿ, ಕೊನೆಗೆ ಮಲ್ ಬಟ್ಟೆ. ಮೂರು ಡಬ್ಬಿ ಆಗುತ್ತದೆ: ಹರಳು, ಮರಳು, ಹಿಟ್ಟು.

ಬೇಸಿನ ಮೇಲ್ಮೈಯನ್ನು ಬ್ಲೇಡಿನಿಂದ ಅಡ್ಡಡ್ಡ ಗೀರಿ. ನೆಲಕ್ಕೆ ಏರುತಗ್ಗು ಬೇಕು, ಚಪ್ಪಟೆ ಬೇಸು ನಾಣ್ಯದಂತೆ ಕಾಣುತ್ತದೆ. ಅದಕ್ಕೆ ಒಂದು ಕಲಸು: ಜರಡಿ ಹಿಡಿದ ಮರದ ಹೊಟ್ಟು ಎರಡು ಚಮಚ, ವಾಲ್ ಪುಟ್ಟಿ ಒಂದು ಚಮಚ, ಫೆವಿಕಾಲ್ ಒಂದು ಚಮಚ, ಕೆಂಪು-ಕಂದು ಫೆವಿಕ್ರಿಲ್ ಅರ್ಧ ಚಮಚ, ಚಪಾತಿ ಹಿಟ್ಟಿಗಿಂತ ಸಡಿಲವಾಗುವಷ್ಟು ನೀರು. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹುಣಸೆಬೀಜದ ಅಂಟಿನಲ್ಲಿ ಕಲಸುವ ಕಿಟ್ಟದ ಜಾತಿಗೇ ಸೇರಿದ ಕಲಸು ಇದು. ಹುಣಸೆ ಅಂಟನ್ನೇ ಬಳಸಲು ಮನಸ್ಸಾದರೆ ಬಳಸಿ, ಆದರೆ ಹುಳ ಬರದಂತೆ ನೋಡಿಕೊಳ್ಳುವುದು ಹವ್ಯಾಸಿಗಳಿಗೆ ಕಷ್ಟ, ಫೆವಿಕಾಲ್ ನಿಶ್ಚಿಂತೆ. ಒಂದು ಸಲಕ್ಕೆ 3 ಮಿ.ಮೀ. ದಾಟಬಾರದು. ದಪ್ಪ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿಯಿದ್ದು ಅಂಚು ಕಿತ್ತೇಳುತ್ತದೆ. ಕಲಸಿಗೆ ಬಣ್ಣ ಬೆರೆಸಿದ್ದು ಸುಮ್ಮನೆ ಅಲ್ಲ: ಆಡುವಾಗ ಬೇಸು ಕೆತ್ತಿಹೋದರೆ ಒಳಗಿನ ಬಿಳಿ ಕಾಣಬಾರದು.

ಒಣಗಿದ ಮೇಲೆ ಫೆವಿಕಾಲ್ ಎರಡು ಪಾಲು, ನೀರು ಒಂದು ಪಾಲು ಸವರಿ, ಹರಳನ್ನು ಎರಡು ಮೂರು ಕಡೆ ಗುಂಪಾಗಿ ಇಟ್ಟು, ಮೇಲೆ ಮರಳು, ಕೊನೆಗೆ ಹಿಟ್ಟು ಉದುರಿಸಿ ತಟ್ಟಿ. ಹರಳನ್ನು ಸಮನಾಗಿ ಹರಡಬೇಡಿ; ನೀರು ಹರಿದ ನೆಲದಲ್ಲಿ ಕಲ್ಲು ಒಂದೆಡೆ ಸೇರಿರುತ್ತದೆ.

ನಿಜವಾದ ಕೆಂಪು ಮಣ್ಣನ್ನು ಬಣ್ಣ ಹಚ್ಚದೆ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಬಿಡಬಾರದು. ಅಂಟು ಹೀರಿದ ಮಣ್ಣು ಕಪ್ಪಿಡುತ್ತದೆ, ಸಣ್ಣ ಅಳತೆಯಲ್ಲಿ ಸತ್ತಂತೆ ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು, ಅದರ ಬಣ್ಣ ಒದ್ದೆಯಾದಾಗ ಬಿಡುತ್ತದೆ. ಮೇಲೆ ಬಿಳಿ ಹಚ್ಚಿದರೆ ಗುಲಾಬಿಯಾಗುತ್ತದೆ. ಮೊದಲು ನೀರು ಬೆರೆಸಿದ ಫೆವಿಕಾಲಿನಿಂದ ಮುಚ್ಚಿ, ಒಣಗಿಸಿ, ಗಾಢ ಕಂದು-ಕೆಂಪು ಹಚ್ಚಿ. ಆಮೇಲೆ ಇಟ್ಟಿಗೆ ಬಣ್ಣದ ಡ್ರೈಬ್ರಷ್, ಕೊನೆಗೆ ಹರಳಿನ ನೆತ್ತಿಗೆ ಮಾತ್ರ ಕಿತ್ತಳೆ ಬೆರೆತ ಚರ್ಮದ ಬಣ್ಣ.

ಈ ನೆಲಕ್ಕೆ ಗಿಡ ಬೇಕಿದ್ದರೆ ಬಳ್ಳಾರಿ ಜಾಲಿಯ ಒಣ ಮುಳ್ಳು. ಬೇರೆ ಖಂಡದಿಂದ ಬಂದು ನಮ್ಮ ಹೊಲದ ಬದು ಹಿಡಿದ ಗಿಡ, ಪರಗ್ರಹದ ಪಾತ್ರಕ್ಕೆ ಅದಕ್ಕಿಂತ ಯೋಗ್ಯ ಇನ್ನೊಂದಿಲ್ಲ. ಮೂರು ಮುಳ್ಳು ಬೇರೆಬೇರೆ ಉದ್ದಕ್ಕೆ ಕತ್ತರಿಸಿ, ಫೆವಿಕಾಲ್ ನೀರಿನಲ್ಲಿ ಅದ್ದಿ ಒಣಗಿಸಿ, ನೇರಳೆ ಹಚ್ಚಿ ತುದಿಗೆ ತಿಳಿಹಸಿರು. ತುದಿಯನ್ನು ಅರ್ಧ ಮಿಲಿಮೀಟರ್ ಮೊಂಡು ಮಾಡಲು ಮರೆಯಬೇಡಿ, ಬೊಂಬೆ ಎತ್ತುವ ಎದುರಾಳಿಯ ಬೆರಳೂ ಬೆರಳೇ.

ಬಿರುಕು ನೆಲ

ರಾಯಚೂರು, ಸಿರಗುಪ್ಪ ಕಡೆಯ ಎರೆ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೇ ಗುಣ ಬೇಸಿನ ಮೇಲೂ ಕೆಲಸ ಮಾಡುತ್ತದೆ. ಡಬ್ಬಿಯ ಬಿರುಕು ಬಣ್ಣದ ಬೆಲೆ ನೋಡಿದ ಮೇಲೆ ಎರೆಯ ಮೇಲೆ ಪ್ರೀತಿ ಹೆಚ್ಚುತ್ತದೆ.

ಹೆಂಟೆಯನ್ನು ಕುಟ್ಟಿ ಚಹಾ ಜಾಲರಿಯಲ್ಲಿ ಸೋಸಿ. ಪುಡಿ ಹತ್ತು ಚಮಚಕ್ಕೆ ಫೆವಿಕಾಲ್ ಒಂದು ಚಮಚ. ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಒಂದು ರಾತ್ರಿ ಮುಚ್ಚಿಡಿ, ಜೇಡಿ ಪೂರ್ತಿ ನೆನೆಯಲಿ. 32 ಮಿ.ಮೀ. ಬೇಸು ಹತ್ತಕ್ಕೆ ಎರಡು ದೊಡ್ಡ ಚಮಚ ಕೆಸರು ಸಾಕು. ಅಂಟು ಹೆಚ್ಚಾದರೆ ಬಿರುಕೇ ಬರುವುದಿಲ್ಲ, ರಬ್ಬರಿನಂತೆ ಒಣಗುತ್ತದೆ. ಅಂಟು ಇಲ್ಲದಿದ್ದರೆ ಒಣಗಿದ ಬಿಲ್ಲೆಗಳು ಊದಿದರೆ ಹಾರುತ್ತವೆ.

ಬಿರುಕಿನ ನಡುವಿನ ಅಂತರ ಪದರದ ದಪ್ಪಕ್ಕೆ ತಕ್ಕಂತೆ. ತೆಳ್ಳಗೆ ಸವರಿದರೆ ಚಿಕ್ಕಚಿಕ್ಕ ಬಿಲ್ಲೆ, ದಪ್ಪ ಮೆತ್ತಿದರೆ ದೊಡ್ಡ ಬಿಲ್ಲೆ. ಸೈನಿಕನ ಬೇಸ್‌ಗೆ 2 ಮಿ.ಮೀ. ಹಿತ, 5 ಮಿ.ಮೀ. ಮೆತ್ತಿದರೆ ಇಡೀ ಬೇಸ್‌ಗೆ ಎರಡೇ ಬಿರುಕು ಬಂದು ಒಡೆದ ಬಿಸ್ಕತ್ತಿನಂತಾಗುತ್ತದೆ. ಒಣಗಿಸುವುದು ನೆರಳಿನಲ್ಲಿ, ಒಂದು ದಿನ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಕುಗ್ಗಿ ಬಿಲ್ಲೆಗಳ ಅಂಚು ಹಪ್ಪಳದಂತೆ ಸುರುಳುತ್ತದೆ. ಸುರುಳಿದ್ದೂ ಒಂದು ಅಂದವೇ, ಒಣಕೆರೆಯ ನೆಲ ಬೇಕಿದ್ದವರು ಬೇಕೆಂದೇ ಹಾಗೆ ಮಾಡಬಹುದು. ಬಿಲ್ಲೆ ಪೂರ್ತಿ ಕಿತ್ತು ಬರುವುದು ನುಣುಪು ಪ್ಲಾಸ್ಟಿಕ್ ಮೇಲೆ ನೇರವಾಗಿ ಮೆತ್ತಿದಾಗ. ಅದಕ್ಕೆ ಮೊದಲೇ ಫೆವಿಕಾಲ್ ಹಚ್ಚಿ ಒರಟು ಮರಳು ಉದುರಿಸಿ ಒಣಗಿಸಿಕೊಂಡಿರಬೇಕು, ಎರೆ ಅದನ್ನು ಹಿಡಿದುಕೊಳ್ಳುತ್ತದೆ.

ಬಿರಿದ ಮೇಲೆ ಗಟ್ಟಿ ಮಾಡುವುದು: ಫೆವಿಕಾಲ್ ಒಂದು, ನೀರು ನಾಲ್ಕು, ಪಾತ್ರೆ ಸೋಪಿನ ದ್ರವ ಒಂದು ಹನಿ. ಬ್ರಷ್ ತಾಗಿಸದೆ ಹನಿಹನಿಯಾಗಿ ಬಿರುಕಿನೊಳಕ್ಕೆ ಇಳಿಬಿಡಿ, ತೀರಾ ಸ್ವಲ್ಪ. ಒಮ್ಮೆಲೇ ಸುರಿದರೆ ಎರೆ ಮತ್ತೆ ಉಬ್ಬಿ ಬಿರುಕು ಕೂಡಿಕೊಳ್ಳುತ್ತದೆ. ಬಣ್ಣಕ್ಕೆ ಕಪ್ಪು ಬೇಡ, ಒಣಗಿದ ಎರೆ ನಿಜಕ್ಕೂ ಬೂದುಗಪ್ಪು. ಬಿರುಕಿನಾಳಕ್ಕೆ ಕಪ್ಪು-ಕಂದು ವಾಷ್, ಮೇಲೆ ಬೂದು ಡ್ರೈಬ್ರಷ್. ಬಿರುಕಿನೊಳಗೆ ಹೊಳೆಯುವ ಹಸಿರು ಹರಿಸಿದರೆ ವಿಷಗ್ರಹ, ಕಿತ್ತಳೆ-ಹಳದಿ ಹರಿಸಿದರೆ ಲಾವಾ.

ಬಂಡೆ, ಪಾಳು, ಕಾರ್ಖಾನೆ

ಬಳ್ಳಾರಿ, ಕೊಪ್ಪಳದ ಗುಡ್ಡದ ಗುಂಡುಗಳನ್ನು ನಿಜವಾದ ಕಲ್ಲಿನಿಂದ ಮಾಡಬೇಡಿ. ಕಣಶಿಲೆಯ ಹರಳು 1:56ರಲ್ಲಿ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತದೆ, ತೂಕವೂ ಹೆಚ್ಚು. ಥರ್ಮೊಕೋಲ್ ಕತ್ತರಿಸಿ ಅಂಚು ದುಂಡಗೆ ಉಜ್ಜಿ, ಒಂದರ ಮೇಲೊಂದು ಓಲಾಡುವಂತೆ ಪೇರಿಸಿ. ಅದಕ್ಕೆ ಸೀದಾ ಸ್ಪ್ರೇ ಹೊಡೆದರೆ ಕಣ್ಣೆದುರೇ ಕರಗುತ್ತದೆ. ಮೊದಲು ಫೆವಿಕಾಲ್, ವಾಲ್ ಪುಟ್ಟಿ ಸಮಪಾಲು ಕಲಸಿ ಎರಡು ಕೋಟು ಹಚ್ಚಿ, ಒಂದು ಸಂದೂ ಬಿಡದಂತೆ. ಬಣ್ಣದಲ್ಲಿ ಎಲ್ಲರೂ ಎಡವುವುದು ಶುದ್ಧ ಬೂದು ಹಚ್ಚಿ. ಬೆಳಗಿನ ಬಿಸಿಲಿನಲ್ಲಿ ಬೆಟ್ಟವನ್ನು ಒಮ್ಮೆ ನೋಡಿ: ಅಡಿ ಗುಲಾಬಿ ಬೆರೆತ ಬೂದು, ನೆತ್ತಿಯಲ್ಲಿ ಮಣ್ಣುಹಳದಿ, ಮಳೆನೀರು ಇಳಿದ ಕಡೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ. ಆ ಕಪ್ಪು ಪಟ್ಟೆ ಒಂದೇ ಬಂಡೆಯನ್ನು ಬಂಡೆ ಮಾಡುತ್ತದೆ.

ನಾಯಕನ 60 ಮಿ.ಮೀ. ಬೇಸ್‌ಗೆ ಪಾಳು ಬೇಕಿದ್ದರೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ನೋಡಿ ಬನ್ನಿ. ನಿಂತ ಚಪ್ಪಡಿ, ಮೇಲೊಂದು ಮುಚ್ಚು, ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ. ಯಾವ ಗ್ರಹಕ್ಕೂ ಹೊಂದುವ ಆಕಾರ. ಬ್ಯಾನರ್ ಅಂಗಡಿಯಲ್ಲಿ ಬಿಸಾಡುವ 5 ಮಿ.ಮೀ. ಸನ್‌ಬೋರ್ಡ್ ತುಂಡಿನಲ್ಲಿ 40 × 35 ಮಿ.ಮೀ. ಚಪ್ಪಡಿ ನಾಲ್ಕು, ಅಂಚನ್ನು ಕೈಯಿಂದ ಮುರಿದು ಒರಟು ಮಾಡಿ, ಒಂದಕ್ಕೆ 8 ಮಿ.ಮೀ. ಕಿಂಡಿ. ಕಿಂಡಿಯ ಒಳಗೋಡೆಗೆ ಹೊಳೆಯುವ ನೀಲಿ ಹಚ್ಚಿದರೆ ಕತೆ ತಾನೇ ಹುಟ್ಟುತ್ತದೆ.

ಕಾರ್ಖಾನೆಯ ನೆಲಕ್ಕೆ ಊರಿನ ಕಸವೇ ಭಂಡಾರ. ಖಾಲಿ ರೀಫಿಲ್ 3 ಮಿ.ಮೀ., ಅಂದರೆ 17 ಸೆಂ.ಮೀ. ಕೊಳವೆ. ಸೊಳ್ಳೆ ಜಾಲರಿ ಕಬ್ಬಿಣದ ನಡೆದಾರಿ. ಬೋರ್ ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿಯನ್ನು ಪೆನ್ಸಿಲಿಗೆ ಸುತ್ತಿ ತೆಗೆದರೆ ಕೇಬಲ್. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಕೇಳಿದರೆ ಕೆಟ್ಟ ರಿವೆಟ್ಟು ಮುಷ್ಟಿ ತುಂಬ ಸಿಗುತ್ತದೆ, 9 ಮಿ.ಮೀ. ಟೊಪ್ಪಿ ಅರ್ಧ ಮೀಟರಿನ ಮುಚ್ಚಳ. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ ಚಂದ್ರನ ಧೂಳಿಗೆ ಹೋಲುತ್ತದೆ ನಿಜ, ಆದರೆ ಅದರಲ್ಲಿ ಸಿಲಿಕಾ ಇದೆ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಬೂದು ಬಣ್ಣ ಬೆರೆಸಿದ ವಾಲ್ ಪುಟ್ಟಿ ಅದೇ ಕೆಲಸ ಮಾಡುತ್ತದೆ. ತುಕ್ಕಿಗೆ ಕಂದು ಹಚ್ಚಿ, ಹರಿದ ಸ್ಪಂಜಿನ ಮೂಲೆಯಿಂದ ಕಿತ್ತಳೆ ತಟ್ಟಿ, ಅಂಚಿನಲ್ಲಿ ಬೆಳ್ಳಿ ಗೀಚಿ.

ಕೂಡಿಸುವುದು, ವಾರ್ನಿಷ್

ಮೊಳೆಗೆ ಬೇಸಿನಲ್ಲಿ ರಂಧ್ರ ಕೊರೆದು ಅಂಟಿಸಿ. ಕಾಲಿನ ಸುತ್ತ ಸಂದು ಉಳಿದರೆ ಬೊಂಬೆ ತೇಲುತ್ತಿರುವಂತೆ ಕಾಣುತ್ತದೆ. ಫೆವಿಕಾಲ್ ಸವರಿ ಅದೇ ಹಿಟ್ಟು ತುಂಬಿ.

ನೆಲದ ಧೂಳು ಕಾಲಿಗೂ ಹತ್ತಬೇಕು. ಕಿರಾಣಿ ಅಂಗಡಿಯ ಕೆಂಪು ಜಾಜು ಇದಕ್ಕೆ ಚಿನ್ನದಂಥದ್ದು. ಮಲ್ ಬಟ್ಟೆಯಲ್ಲಿ ಸೋಸಿ, ಒಣ ಬ್ರಷ್ಷಿನಿಂದ ಬೂಟಿಗೆ, ಮೊಣಕಾಲಿನ ಕೆಳಗೆ, ಮೇಲಂಗಿಯ ಅಂಚಿಗೆ ತಟ್ಟಿ. ಮೊಣಕಾಲು ದಾಟಿದರೆ ಸೈನಿಕ ಹೋಳಿ ಆಡಿ ಬಂದಂತಾಗುತ್ತದೆ. ವಾರ್ನಿಷ್ ಸ್ಪ್ರೇ ಅರ್ಧ ಪುಡಿಯನ್ನು ಹಾರಿಸಿ, ಉಳಿದದ್ದನ್ನು ಗಾಢ ಮಾಡುತ್ತದೆ, ಹಾಗಾಗಿ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಚ್ಚಿ, ದೂರದಿಂದ ಮೊದಲ ಬೀಸು ತೀರಾ ಹಗುರ ಇರಲಿ.

ಮ್ಯಾಟ್ ವಾರ್ನಿಷ್‌ಗೆ ಪ್ರೈಮರಿನ ಹೊತ್ತೇ ಹೊತ್ತು. ಮಳೆಗಾಲದಲ್ಲಿ ಒಂದು ವ್ಯತ್ಯಾಸ: ಆಗಸ್ಟ್, ಸೆಪ್ಟೆಂಬರಿನ ತೇವದ ದಿನ ಹೊಡೆದರೆ ಬೊಂಬೆಯ ಮೇಲೆ ಬಿಳಿ ಮಂಜು ಕೂರುತ್ತದೆ. ಕೂತರೆ ಗಾಬರಿ ಬೇಡ, ಒಣ ದಿನ ನೋಡಿ ಹೊಳಪಿನ ವಾರ್ನಿಷ್ ಬ್ರಷ್ಷಿನಿಂದ ಒಂದು ಕೋಟು ಹಚ್ಚಿದರೆ ಬಹಳ ಸಲ ಮಂಜು ತಿಳಿಯಾಗುತ್ತದೆ, ಆಮೇಲೆ ಮತ್ತೆ ಮ್ಯಾಟ್. ಹೆಲ್ಮೆಟ್ ಕಣ್ಣಿಗೆ, ಪ್ಲಾಸ್ಮಾ ಸುರುಳಿಗೆ ಕೊನೆಯಲ್ಲಿ ಹೊಳಪಿನ ವಾರ್ನಿಷ್ ಒಂದು ಹನಿ.

ಕೆಟ್ಟ ಬಣ್ಣ ತೆಗೆಯಬೇಕಾದರೆ ಪ್ಲಾಸ್ಟಿಕ್ ಬೊಂಬೆಗೆ ಥಿನ್ನರ್, ಅಸಿಟೋನ್ ತಾಗಿಸಬೇಡಿ, ಬೊಂಬೆಯೇ ಕರಗುತ್ತದೆ. ಡೆಟಾಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಗ್ಲವ್ಸ್ ಹಾಕಿ ಡೆಟಾಲ್‌ನಲ್ಲೇ ತಿಕ್ಕಿ. ನೀರು ಮೊದಲೇ ತಾಗಿದರೆ ಸಡಿಲಾದ ಬಣ್ಣ ಬೆಲ್ಲದ ಪಾಕದಂತೆ ಅಂಟಿಕೊಂಡು ಬಿಡುತ್ತದೆ. ಬಣ್ಣ ಪೂರ್ತಿ ಹೋದ ಮೇಲಷ್ಟೇ ಸೋಪು, ನೀರು.

ಆಟಕ್ಕೆ ಬೇರೆ ಊರಿಗೆ ಒಯ್ಯುವಾಗ ಡಬ್ಬಿಯನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಪಿಎಲ್‌ಎ ಪ್ಲಾಸ್ಟಿಕ್ಕಿನ 3ಡಿ ಪ್ರಿಂಟು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಮೇ ತಿಂಗಳ ರಾಯಚೂರಿನಲ್ಲಿ ಕಾರಿನೊಳಗೆ ಅಷ್ಟು ಬಿಸಿ ಏರುವುದು ದೊಡ್ಡ ಮಾತಲ್ಲ. ರೆಸಿನ್ ಬಂದೂಕು ಬಾಗಿದ್ದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬೆರಳಿನಿಂದ ನೆಟ್ಟಗೆ ಮಾಡಿ, ಹಾಗೆಯೇ ಹಿಡಿದು ಮಡಕೆಯ ತಣ್ಣೀರಿನಲ್ಲಿ ಮುಳುಗಿಸಿ.